ಸರದಿ ಬಿಡದ ಉಸ್ತಾದರು

ನನ್ನ ಹತ್ರ ಸನದು ಇಲ್ಲ. ಆವಾಗ ಬರಲಿಲ್ಲ, ಇನ್ನ ಬರೋದೂ ಬ್ಯಾಡ. ಕಲಬುರಗಿ ಸುತ್ತಮುತ್ತ ನಾ ನಿಂತು ಕಟ್ಟಿಸಿದ ಮೋರಿ, ಬಾವಿ, ಗಂಜ್ ಬಜಾರದ ಗೋದಾಮು ಎಲ್ಲಾ ಇವತ್ತಿಗೂ ಗಟ್ಟಿ ನಿಂತಾವ. ಆದ್ರೂ ಹೊಸದಾಗಿ ಬಂದ ಸಾಹೇಬ ಯಾರೇ ಆಗ್ಲಿ, ಮೊದಲು ಕೇಳೋದು ಒಂದೇ: ಯಾವ ಸಾಲಿ ಪಾಸು ಆದವರು ನೀವು? ಯಾವುದೂ ಇಲ್ರಿ ಅಂತೀನಿ. ತಲಿ ತಗ್ಗಿಸಿ ಅನ್ನಂಗಿಲ್ಲ, ಎದಿ ಎತ್ತೇ ಅಂತೀನಿ. ಹಿಂಗ ಅನ್ನೋ ಸೊಕ್ಕು ನನಗ ಕಲಿಸಿದವರು ಹೋದ ತಿಂಗಳು ತೀರಿಕೊಂಡ್ರು.

ಅವರ ಹೆಸರು ನಾ ಬರಿಯಂಗಿಲ್ಲ. ಬದುಕಿದ್ದಾಗ ಒಂದು ನಕಾಶಿ ಮ್ಯಾಲೂ ಅವರು ತಮ್ಮ ಹೆಸರು ಹಾಕ್ಕೊಂಡವರಲ್ಲ. ಸತ್ತ ಮ್ಯಾಲ ನಾ ಹಾಕಿದ್ರ ಗೋರಿಯಾಗಿಂದ ಎದ್ದು ಬಂದು ಬೈದಾರು. ನಮಗ ಅವರು ಉಸ್ತಾದ್ರು, ಅಷ್ಟೇ.

ನಾ ಬರಿಯೋ ಮನುಷ್ಯ ಅಲ್ಲ. ಬರಿಯೋ ಹಂಗ ಮಾಡಿದ್ದು ಒಂದು ಮಾತು. ಅವರ ನೆನಪಿಗೆ ಅಂತ ಮೊನ್ನೆ ಊರಾಗ ಒಂದು ಸಭಾ ಕೂಡಿತ್ತು. ನೌಕರಿ ಮುಗಿಸಿದ ದೊಡ್ಡ ಸಾಹೇಬರೊಬ್ರು ಎದ್ದು ನಿಂತು, ಮನುಷ್ಯ ಕಲಿಸೋದರಾಗ ಗಟ್ಟಿ, ಆದ್ರ ಬಲು ಹಟಮಾರಿ, ಒಂದು ಹಟಕ್ಕ ಬಿದ್ದು ಆರು ಹುಡುಗರ ಬಾಳು ಹಾಳು ಮಾಡಿಬಿಟ್ರು ಅಂದ್ರು. ಮಂದಿ ಗೋಣು ಹಾಕಿದ್ರು. ಆ ಆರರಾಗ ನಾ ಒಬ್ಬ. ಹಾಳಾದವ ನಾ, ಗೋಣು ಹಾಕೋರು ಅವರು! ಅವತ್ತು ಸಭಾದಾಗ ನಾ ಏನು ಮಾಡಿದೆ ಅನ್ನೋದು ಕಡೀಗೆ ಹೇಳ್ತೀನಿ. ಮೊದಲು ಆ ಹಟ ಎಂಥಾದ್ದು ಅಂತ ತಿಳೀಬೇಕು.

ಕಲಬುರಗಿ ಕ್ವಾಟಿ ಗ್ವಾಡಿ ಹಿಂದ ಎರಡು ಖೋಲಿಯ ಒಂದು ಸರ್ಕಾರಿ ಸಾಲಿ ಇತ್ತು. ಭೂಮಿ ಅಳಿಯೋದು, ನಕಾಶಿ ತಗಿಯೋದು, ಸಣ್ಣ ಪುಟ್ಟ ಕಟ್ಟಡ ಕಟ್ಟಿಸೋದು ಕಲಿಸ್ತಿದ್ರು. ಎರಡು ವರ್ಷ ಓದಿ ಪರೀಕ್ಷಾ ಕೊಟ್ರ ಸನದು, ಸನದು ಇದ್ರ ನಿಜಾಮರ ಸರ್ಕಾರದಾಗ ನೌಕರಿ. ಪುಸ್ತಕ ಎಲ್ಲಾ ಉರ್ದುದಾಗ. ಹಿಂದಿನ ಮಾಸ್ತರ್ರು ಅದನ್ನ ಗಿಣಿಪಾಠ ಮಾಡಿಸಿ ಪಾಸು ಮಾಡಿಸ್ತಿದ್ರಂತ. ಅಳತಿ ಸಂಕಳಿ ಮುಟ್ಟದೇ ಪೈಮಾಷಿ, ಅಂದ್ರ ಭೂಮಿ ಅಳತಿ, ಕಲ್ತವರು ಆ ಸಾಲಿಯಾಗಿಂದ ಎಷ್ಟೋ ಮಂದಿ ಹೊರಗ ಬಿದ್ದಿದ್ರು. ಈಜು ಬಾರದವ ಅಂಬಿಗ ಆದಂಗ.

ಉಸ್ತಾದ್ರು ಬಂದ್ರು, ಪುಸ್ತಕ ಮುಚ್ಚಿ ಇಟ್ರು. ಅವರ ಅಪ್ಪ ಇದೇ ಕಲಬುರಗಿಯಾಗ ಕಲ್ಲು ಕಡಿತಿದ್ದ ಮೇಸ್ತ್ರಿ. ಮನಿಯಾಗ ದಖನಿ ಉರ್ದು ಮಾತಾಡಿದ್ರೂ ನಮ್ಮ ಜೋಡಿ ನಮ್ಮ ಕನ್ನಡನೇ ಆಡ್ತಿದ್ರು. ಸಣಕಲ ಮೈ, ಬಣ್ಣ ಹೋದ ರೂಮಿ ಟೋಪಿ, ಶೇರವಾನಿ ತುದಿಗೆ ಯಾವಾಗ್ಲೂ ಸುಣ್ಣದ ಕಲೆ. ಜಗತ್ ಓಣಿ ಕಡೆ ರಸ್ತಾದಾಗ ನಡಿಯೋವಾಗ ಯಾರಾರ ಸಲಾಮ ಮಾಡಿದ್ರ ಕೈ ಎತ್ತಿ ಸುಮ್ಮ ಮುಂದ ಹೋಗ್ತಿದ್ರು. ಮಾತಾಡಿದ್ರ ಹೆಜ್ಜಿ ಎಣಿಕಿ ತಪ್ತದ ಅಂತ. ಎಲ್ಲಿಂದ ಎಲ್ಲಿಗೆ ಎಷ್ಟು ಹೆಜ್ಜಿ ಅಂತ ಊರಿಗೆ ಊರೇ ಅವರ ತಲಿಯಾಗ ಇತ್ತು. ಸಾಲಿ ಅಂಗಳದಾಗ ಎರಡು ಶಹಾಬಾದಿ ಫರಸಿ ಕಲ್ಲು ಹೂಳಿ ಗೆರಿ ಹೊಡೆದಿದ್ರು. ದಿನಾ ಮುಂಜಾನೆ ಅಳತಿ ಸಂಕಳಿ ಆ ಗೆರಿಯಿಂದ ಈ ಗೆರಿಗೆ ಎಳೆದು ನೋಡಬೇಕು. ಎಳೆದೆಳೆದು ಕಬ್ಬಿಣನೂ ಉದ್ದ ಆಗ್ತದ, ಅದನ್ನ ದಿನಾ ವಿಚಾರಿಸಿ ನೋಡ್ಕೋಬೇಕು ಅಂತಿದ್ರು. ನಮ್ಮೊಳಗ ಯಾರಾರ "ಸುಮಾರು ಇಷ್ಟು" ಅಂದ್ರ ಮುಗೀತು. "ಅಂದಾಜು ಅಡಿಗಿ ಮನಿಯಾಗ ಇರ್ಲಿ, ಉಪ್ಪಿಗೆ ಬೇಕಾಗ್ತದ" ಅಂತ ಎಲ್ಲಾರ ಮುಂದ ಅಂದು ಮಾನ ಕಳೀತಿದ್ರು.

ನಾವು ಆರು ಮಂದಿ ಇದ್ವಿ. ನಾ ಗಂಜಿನಾಗ ಬ್ಯಾಳಿಕಾಳು ವ್ಯಾಪಾರ ಮಾಡೋ ಲಿಂಗಾಯತರ ಮನಿಯವ. ಒಬ್ಬ ದೇಶಮುಖರ ಹುಡುಗ, ಸಾಲಿಗೆ ಕುದರಿ ಮ್ಯಾಲ ಬರ್ತಿದ್ದ. ಮುಸಲ್ಮಾನರ ಮನಿಯ ಇಬ್ಬರು ಅಣ್ಣತಮ್ಮರು, ಒಬ್ಬ ನೇಕಾರರವ. ಆರನೇದವ ಮರೆಪ್ಪ. ಮರೆಪ್ಪ ಊರ ಹೊರಗಿನ ಕೇರಿಯವ. ಪೈಮಾಷಿ ಮಂದಿ ಹಿಂದ ಸಂಕಳಿ ಎಳೆಯೋ ಕೂಲಿ ಮಾಡಿಕೊಂಡಿದ್ದ. ಸಂಕಳಿ ಕೈಯಾಗ ಹಿಡಿದ್ರ ಸಾಕು, ಇದು ಎರಡು ಬೆರಳು ಜಗ್ಗೇದ್ರಿ ಅಂತ ಹೇಳ್ತಿದ್ದ, ಗೆರಿಗೆ ಹಚ್ಚಿ ನೋಡಿದ್ರ ಬರೋಬ್ಬರಿ ಎರಡೇ ಬೆರಳು. ಉಸ್ತಾದ್ರು ಅದನ್ನ ನೋಡಿ ತಾವೇ ಅಕ್ಷರ ಕಲಿಸಿ ಸಾಲಿಗೆ ಸೇರಿಸಿದ್ರು. ಅದಕ್ಕ ಎಷ್ಟು ಮಂದಿ ಕಡೆ ಬೈಸಿಕೊಂಡ್ರೋ, ಅವರಂತೂ ಒಂದು ದಿನ ನಮ್ಮ ಮುಂದ ಆಡಲಿಲ್ಲ.

ಅವರು ಹಾಕಿದ ಕಟ್ಟು ಒಂದೇ. ಕೆಲಸ ಆರು, ಮಂದಿ ಆರು. ಸಂಕಳಿಯ ಮುಂದಿನ ತುದಿ ಒಬ್ಬ, ಹಿಂದಿನ ತುದಿ ಒಬ್ಬ, ಅಳತಿ ಕೋಲು ಹಿಡಿಯಾಂವ ಒಬ್ಬ, ದುರ್ಬೀನಿನಾಗ ನೋಡಾಂವ ಒಬ್ಬ, ಪುಸ್ತಕದಾಗ ಬರಿಯಾಂವ ಒಬ್ಬ, ಒಲಿ ಮುಂದ ಕೂಡಾಂವ ಒಬ್ಬ. ದಿನಾ ಸರದಿ ತಿರಗಬೇಕು. ನಿನ್ನೆ ಬರೆದವ ಇವತ್ತು ಎಳೀಬೇಕು. ನನಗ ಇವತ್ತು ಆಗಂಗಿಲ್ಲ, ನನ್ನ ಬದಲಿ ಅವ ಮಾಡ್ಲಿ ಅನ್ನಂಗಿಲ್ಲ. ಕೆಲಸ ಮುಗಿದ ಮ್ಯಾಲ ಆರೂ ಮಂದಿಗೆ ಕೂಡಿ ಒಂದೇ ನಕಾಶಿ, ಒಂದೇ ಮಾರ್ಕು. ಪಾಸಾದ್ರ ಆರೂ, ಬಿದ್ರ ಆರೂ. ಹೆಸರು ಸೈತ ಒಂದರ ಕೆಳಗ ಒಂದು ಬರಿಯೋ ಹಂಗಿಲ್ಲ. ಗುಂಡಗ, ರೊಟ್ಟಿ ಅಂಚಿನಂಗ ಬರೀಬೇಕು. ಮೊದಲನೇದವ ಯಾರು ಅಂತ ಹುಡುಕಿದ್ರ ಸಿಗಬಾರದು.

ಎರಡನೇ ವರ್ಷ ನಮ್ಮನ್ನ ಕಮಲಾಪುರಕ್ಕ ಕರಕೊಂಡು ಹೋದ್ರು. ಅಲ್ಲಿ ಊರಿನ ಸೆರಗಿಗೆ ಒಂದು ಹಳ್ಳ ರಸ್ತಾ ಕಡಿದು ಹೋಗ್ತಿತ್ತು. ನೀರು ಕೆಳಗ, ಗಾಡಿ ಮ್ಯಾಲ ಹೋಗೋ ಹಂಗ ಅದಕ್ಕ ಒಂದು ಮೋರಿ ಬೇಕಾಗಿತ್ತು. ಅಳಿಯೋದು ನೀವೇ, ನಕಾಶಿ ನಿಮ್ದೇ, ಕಟ್ಟೋವಾಗ ಕಲ್ಲು ಹೊರೋದೂ ನೀವೇ ಅಂದ್ರು. ಪರೀಕ್ಷಾ ಕಾಗದದ ಮ್ಯಾಲ ಆಗಂಗಿಲ್ಲ, ಮಳಿಗಾಲ ಬಂದು ಮೋರಿ ಕೆಳಗ ನೀರು ಹಾದು ಹೋಗಬೇಕು, ಅದೇ ಪರೀಕ್ಷಾ ಅಂದ್ರು.

ಊರ ಹೊರಗ ಡೇರೆ ಹಾಕಿದ್ವಿ. ಅಡಿಗಿ ಸರದಿ ಮರೆಪ್ಪನಿಗೆ ಬಂದ ಮೊದಲ ದಿನ ನಾವೆಲ್ಲಾ ಒಬ್ಬರ ಮುಖ ಒಬ್ಬರು ನೋಡಿದ್ವಿ. ಸುಳ್ಳು ಯಾಕ ಹೇಳ್ಲಿ, ನಾ ಅವತ್ತು ಹೊಟ್ಟಿ ನೋವು ಅಂದೆ. ಉಸ್ತಾದ್ರು ಮಾತ್ರ ಮರೆಪ್ಪ ಬಡಿದ ಬಿಸಿ ರೊಟ್ಟಿ ತಗೊಂಡು, ಪುಂಡಿಪಲ್ಯ ಹಚ್ಚಿಕೊಂಡು, ನಮ್ಮ ಎದುರಿಗೇ ಕುಂತು ಬೆರಳು ನೆಕ್ಕಿ ನೆಕ್ಕಿ ಉಂಡ್ರು. ಎರಡನೇ ಸರದಿಗೆ ನನ್ನ ಹೊಟ್ಟಿ ನೋವು ವಾಸಿ ಆಯ್ತು. ದೇಶಮುಖರ ಹುಡುಗ ಮಾತ್ರ ಮರೆಪ್ಪನ ಸರದಿ ಬಂದಾಗೆಲ್ಲಾ ಕಮಲಾಪುರದ ಕೆಂಪು ಬಾಳಿಹಣ್ಣು ತಿಂದೇ ದಿನ ದೂಡ್ತಿದ್ದ. ನಾಕನೇ ಸರದಿಗೆ ಬಾಳಿಹಣ್ಣು ಕಂಡ್ರ ಓಕರಿಕಿ ಬರೋ ಹಂಗಾಗಿ, ತಾಟು ಹಿಡಕೊಂಡು ಬಂದು ಮರೆಪ್ಪನ ಮುಂದ ಕುಂತ. ಯಾರೂ ನಗಲಿಲ್ಲ. ಉಸ್ತಾದ್ರ ಕಣ್ಣು ನಮ್ಮ ಮ್ಯಾಲಿತ್ತು.

ಈಗ ನನ್ನ ತಪ್ಪಿನ ಮಾತು ಹೇಳ್ತೀನಿ. ಇದನ್ನ ನಾ ಮುಚ್ಚಿಟ್ಟವ ಅಲ್ಲ.

ಮೋರಿ ಕಟ್ಟಾಕ ಮೊದಲು ಒಂದು ನಂಬಿಗಸ್ತ ಕಲ್ಲು ಬೇಕು. ಆ ಕಲ್ಲಿನ ಮ್ಯಾಲ ಕೋಲು ನಿಲ್ಲಿಸಿ, ದುರ್ಬೀನಿನಾಗ ನೋಡಿ, ಅಲ್ಲಿಂದ ಎಷ್ಟು ಮ್ಯಾಲ ಎಷ್ಟು ಕೆಳಗ ಅಂತ ಎಲ್ಲಾ ಎತ್ತರ ಗೊತ್ತು ಮಾಡ್ತೀವಿ. ಕಮಲಾಪುರದಾಗ ಆ ಕಲ್ಲು ಇದ್ದದ್ದು ಊರ ಬಾವಿಕಟ್ಟಿ ಮ್ಯಾಲ. ಹಿಂದ ಪೈಮಾಷಿಯವರು ಉಳಿಲೆ ಅಲ್ಲಿ ಒಂದು ಗುರುತು ಕಡಿದು ಹೋಗಿದ್ರು. ನಕಾಶಿ ತಗಿಯೋ ದಿನ ಕೋಲು ದೇಶಮುಖರ ಹುಡುಗನ ಕೈಯಾಗ ಇತ್ತು, ಅವ ಕಟ್ಟಿ ಏರಿ ಗುರುತಿನ ಮ್ಯಾಲ ನಿಲ್ಲಿಸಿದ, ನಕಾಶಿ ಬರೋಬ್ಬರಿ ಬಂತು. ಆದ್ರ ಮೋರಿಯ ತಳ ಎಲ್ಲಿ ಬರಬೇಕು ಅಂತ ಗೂಟ ಹೊಡಿಯೋ ದಿನ ಸರದಿ ತಿರುಗಿತ್ತು. ದುರ್ಬೀನು ನಂದು, ಪುಸ್ತಕ ದೇಶಮುಖರ ಹುಡುಗಂದು, ಕೋಲು ಮರೆಪ್ಪಂದು. ಉಸ್ತಾದ್ರು ಸುಣ್ಣ ತರಾಕ ಕಲಬುರಗಿಗೆ ಹೋಗಿದ್ರು.

ಬಾವಿ ಮ್ಯಾಲ ಹೆಂಗಸರು ನೀರು ಸೇದಾಕತ್ತಿದ್ರು. ಮರೆಪ್ಪ ಹತ್ತು ಹೆಜ್ಜಿ ದೂರ ನಿಂತುಬಿಟ್ಟ. ಅವನಿಗೆ ಯಾರೂ ಬ್ಯಾಡ ಅಂದಿದ್ದಿಲ್ಲ. ಆ ಹೆಂಗಸರು ಅವನ ಕಡೆ ನೋಡಿದ್ದೂ ಇಲ್ಲ. ಅಲ್ಲೇ ಕಟ್ಟಿ ಕೆಳಗ ನೆಲದ ಮ್ಯಾಲೇ ಹಿಡಿ, ನಾ ಲೆಕ್ಕ ತಗೀತೀನಿ ಅಂದವ ನಾನೇ. ಅವ ಹಿಡಿದ. ಕಟ್ಟಿ ಎತ್ತರ ಕಣ್ಣಲೇ ನೋಡಿ ಒಂದು ಮೊಳದ ಮ್ಯಾಲ ಒಂದು ಗೇಣು ಅಂತ ಹಿಡಿದೆ, ಅಷ್ಟು ಕಳೆದು ಬರಸಿದೆ. ಕೋಲು ನಾನೇ ಹಿಡಿದು ಅವನಿಗೆ ದುರ್ಬೀನು ಕೊಡಬಹುದಿತ್ತು, ಆದ್ರ ಸರದಿ ಮುರಿದಂಗ ಆಗ್ತದಲ್ಲ! ಸರದಿ ಮುರೀಲಿಲ್ಲ, ಊರವರ ಜೋಡಿ ಜಗಳ ಆಗಲಿಲ್ಲ, ಮರೆಪ್ಪನ ಮಾನ ಉಳಿಸಿದೆ ಅಂತ ಒಳಗೊಳಗ ಹಿಗ್ಗಿದೆ. ಒಳ್ಳೇದು ಮಾಡೀನಿ ಅಂದ್ಕೊಂಡೇ ಮಾಡಿದ್ದು. ಅದೇ ನನಗ ಇವತ್ತಿಗೂ ಸಿಟ್ಟು ಬರೋ ಸಂಗತಿ.

ಕಟ್ಟಿಯ ಖರೇ ಎತ್ತರ ಬರೇ ಒಂದು ಮೊಳ. ಹಿಂಗಾಗಿ ಮೋರಿಯ ತಳ ಒಂದು ಗೇಣು ಎತ್ತರಕ್ಕ ಬಿತ್ತು. ಹಳ್ಳದ ತುಂಬ ಉಸುಕು, ಗುಂಡು. ಕಣ್ಣಿಗೆ ಯಾರಿಗೂ ತಿಳೀಲಿಲ್ಲ. ಕಲ್ಲು ಹೊತ್ವಿ, ಗಚ್ಚು ಅರೆದ್ವಿ, ಕಮಾನು ಕೂಡಿಸಿದ್ವಿ. ರೋಹಿಣಿ ಮಳಿ ಒಂದು ಮಧ್ಯಾಹ್ನ ಜಡಿದು ಹೊಡೀತು. ಹಳ್ಳ ಮೋರಿ ಕೆಳಗ ಹೋಗಲಾರದೇ ಹಿಂದಕ್ಕ ತಿರುಗ್ತು. ಒಂದು ಕಡೆ ಊರ ಗೌಡ್ರ ಬಾಳಿ ತ್ವಾಟಕ್ಕ ನುಗ್ತು, ಇನ್ನೊಂದು ಕಡೆ ಆ ಊರ ಹೊರಗಿನ ಕೇರಿಯ ನಾಕು ಮನಿಗೆ ನುಗ್ತು.

ಉಸ್ತಾದ್ರು ನಮ್ಮನ್ನ ಬೈಲಿಲ್ಲ. ಕೊಡ ಹಿಡ್ಕೊಂಡು ನಡೀರಿ ಅಂದ್ರು. ಆರೂ ಮಂದಿ ಕೇರಿಯ ಆ ಮನಿಗಳಾಗ ಮೊಣಕಾಲು ಮಟ ನಿಂತು ಸಂಜಿತನಾ ನೀರು ಹೊರಗ ಹಾಕಿದ್ವಿ. ಒಬ್ಬಾಕಿ ಮುದುಕಿ ನೆನೆದ ಜೋಳದ ಚೀಲದ ಮುಂದ ಕುಂತು ನಮ್ಮನ್ನೇ ನೋಡ್ತಿದ್ಲು. ಆಕಿ ನಮ್ಮನ್ನ ಬೈದಿದ್ರ ಬೇಸಿತ್ತು.

ಡೇರೆಗೆ ಬಂದ ಮ್ಯಾಲ ಉಸ್ತಾದ್ರು ಪುಸ್ತಕ ತಗಿಸಿ ಗೂಟ ಹೊಡೆದ ದಿನದ ಹಾಳಿ ತಿರುವಿದ್ರು. ಮರೆಪ್ಪ ಎದ್ದು ನಿಂತು, ಗಲತಿ ನಂದ್ರಿ ಉಸ್ತಾದ್ರೇ ಅಂದ. ನಾ ನೆಲ ನೋಡಿಕೊಂಡು ಕುಂತಿದ್ದೆ.

"ಗಲತಿ ಯಾರ್ದು ಅಂತ ನಾ ಕೇಳಿಲ್ಲ. ಕೋಲು ಎಲ್ಲಿ ನಿಂತಿತ್ತು, ಅಷ್ಟು ಹೇಳ್ರಿ" ಅಂದ್ರು ಉಸ್ತಾದ್ರು.

ಬಾಯಿ ತಗೀಲೇಬೇಕಾಯ್ತು. ಎಲ್ಲಾ ಹೇಳಿದೆ. ಉಸ್ತಾದ್ರು ಪುಸ್ತಕ ದೇಶಮುಖರ ಹುಡುಗನ ಮುಂದ ಸರಿಸಿದ್ರು. ಆಮ್ಯಾಲ, ಬರೆದದ್ದನ್ನ ಕೆರೀಬ್ಯಾಡ್ರಿ, ಒಂದು ಗೆರಿ ಎಳೆದು ಬಾಜೂಕ ಖರೇ ಸಂಗತಿ ಬರೀರಿ ಅಂದ್ರು. "ಕೋಲು ಗುರುತಿನ ಮ್ಯಾಲ ನಿಂತಿರಲಿಲ್ಲ, ಅಂದಾಜು ಮಾಡಿದ್ವಿ" ಅಂತ ದೇಶಮುಖರ ಹುಡುಗ ಬರೆದ. ಮಾಡಿದೆ ಅಂತ ಬರೀಲಿಲ್ಲ ನೋಡ್ರಿ, ಮಾಡಿದ್ವಿ ಅಂತ ಬರೆದ.

ಮರುದಿನ ಮುಂಜಾನೆ ಉಸ್ತಾದ್ರು ಅವತ್ತು ಯಾರ ಕೈಯಾಗ ಏನಿತ್ತೋ ಇವತ್ತೂ ಅದೇ ಇರ್ಲಿ ಅಂದ್ರು. ದುರ್ಬೀನು ನನಗ, ಕೋಲು ಮರೆಪ್ಪನಿಗೆ. ಬಾವಿ ಹತ್ರ ಬರೋಷ್ಟರಾಗ ಸುದ್ದಿ ಹೋಗಿ ಗೌಡ್ರೂ ಬಂದಿದ್ರು, ಹಿಂದ ಹತ್ತಿಪ್ಪತ್ತು ಮಂದಿ. ಗೌಡ್ರು ಕೆಟ್ಟ ಮನುಷ್ಯ ಅಲ್ಲ, ನಮಗ ದಿನಾ ಮಜ್ಜಿಗಿ ಕಳಿಸ್ತಿದ್ರು. ಉಸ್ತಾದ್ರೇ, ಅಳತಿ ಮಾಡ್ರಿ, ಬ್ಯಾಡನ್ನಂಗಿಲ್ಲ, ಕೋಲು ಬ್ಯಾರೆ ಹುಡುಗನ ಕೈಯಾಗ ಕೊಟ್ಟು ಮಾಡ್ರಿ ಅಂದ್ರು. ನಿಮಗ ನಮ್ಮ ರಿವಾಜು ಗೊತ್ತಿಲ್ಲ ಅಂತಲೂ ಅಂದ್ರು.

"ಗೊತ್ತಿಲ್ದೇ ಏನ್ರಿ ಗೌಡ್ರ, ನಾ ಇದೇ ನೆಲದಾಗ ಹುಟ್ಟಿದವ. ಇವತ್ತು ಸರದಿ ಅವಂದು" ಅಂದ್ರು ಉಸ್ತಾದ್ರು.

ಹಂಗ ಅಂದವರೇ ಬಾವಿ ಎದುರಿಗೆ ನೆಲದ ಮ್ಯಾಲ ಕುಂತುಬಿಟ್ರು. ನಾವು ಐದು ಮಂದಿ ಅವರ ಹಿಂದ ಕುಂತ್ವಿ. ಮರೆಪ್ಪ ಒಬ್ಬನೇ ಕೋಲು ಹಿಡಿದು ನಿಂತಿದ್ದ, ಅವನಿಗೆ ಕೂಡು ಅಂತ ಯಾರೂ ಹೇಳಲಿಲ್ಲ. ಬಿಸಿಲು ಏರ್ತು. ಮಂದಿಯಾಗ ಒಬ್ಬಿಬ್ಬರು ಬಾಯಿ ಬಿಟ್ರು, ಬೈಗುಳ ಬಂದ್ವು. ಉಸ್ತಾದ್ರು ಗೌಡ್ರ ಕಡೆನೇ ನೋಡಿ ಸಾವಕಾಶ ಹೇಳಿದ್ರು: ಅಳತಿ ಸರಿಯಾಗೋತನಾ ನಾವು ಮೋರಿಯ ತಳ ಒಡೆದು ಇಳಿಸಂಗಿಲ್ಲ, ಒಡಿಯೋತನಾ ನೀರು ಹಿಂದಕ್ಕೇ ಬರ್ತದ, ನಿಮ್ಮ ಬಾಳಿ ಬೇರು ಕೊಳೀತದ. ಮಳಿ ಯಾರ ಮಾತೂ ಕೇಳಂಗಿಲ್ಲ, ನಾವು ಇಲ್ಲೇ ಕುಂತಿರ್ತೀವಿ.

ಗೌಡ್ರು ಮೋಡ ನೋಡಿದ್ರು. ತ್ವಾಟದ ಕಡೆ ನೋಡಿದ್ರು. ಎಷ್ಟೋ ಹೊತ್ತಿಗೆ, ಏನಾರ ಮಾಡ್ಕೊಳ್ರಿ, ನಾ ನೋಡಿಲ್ಲ ಅಂತ ಬೆನ್ನು ತಿರುಗಿಸಿ ನಿಂತ್ರು. ಅವರು ಬೆನ್ನು ತಿರುಗಿಸಿದ ಮ್ಯಾಲ ಉಳಿದವರೂ ಗುಣುಗುಣು ಅನ್ಕೋತ ತಿರುಗಿದ್ರು.

ಮರೆಪ್ಪ ಕಟ್ಟಿ ಹತ್ರ ಹೋದ. ಏರೋಕಿಂತ ಮೊದಲು ಬಗ್ಗಿ, ಧೋತರದ ಚುಂಗಿಲೆ ಅಂಗಾಲು ಒರಸಾಕ ಹತ್ತಿದ. ಒಂದು ಕಾಲು ಒರಸಿ ಇನ್ನೊಂದು ಎತ್ತಿದ್ದ. ಉಸ್ತಾದ್ರು ಕುಂತಲ್ಲಿಂದಲೇ ಅಂದ್ರು, "ಯಾಕ ಒರಸ್ತಿ? ಕಲ್ಲಿಗೆ ಮಣ್ಣು ಹೊಸದೇನಲ್ಲ."

ಮರೆಪ್ಪ ಚುಂಗು ಬಿಟ್ಟ. ಏರಿ ನಿಂತ. ನಾ ದುರ್ಬೀನಿಗೆ ಕಣ್ಣು ಹಚ್ಚಿದೆ. ಆ ದುರ್ಬೀನಿನಾಗ ಎಲ್ಲಾ ತಲಿಕೆಳಗ ಕಾಣತದ, ಮರೆಪ್ಪನ ಧೂಳುಗಾಲು ಮ್ಯಾಲ, ತಲಿ ಕೆಳಗ. ಕೋಲು ಗಡಗಡ ನಡಗ್ತಿತ್ತು, ಅಂಕಿ ಓದಾಕ ಬರ್ತಿದ್ದಿಲ್ಲ. ನಾ ಒದರಲಿಲ್ಲ, ಕಾಯ್ದೆ. ಅವನ ಕೈ ಗಟ್ಟಿ ಆಗೋತನಾ ಕಾಯ್ದೆ. ಆಮ್ಯಾಲ ಅಂಕಿ ಓದಿದೆ, ಎರಡು ಸಲ ಓದಿದೆ. ನಾ ಜನ್ಮದಾಗ ಅಷ್ಟು ಖರೇ ಅಂಕಿ ಮತ್ತ ಓದಿಲ್ಲ.

ಮೋರಿಯ ತಳ ನಾವೇ ಒಡೆದ್ವಿ, ಒಂದು ಗೇಣು ಇಳಿಸಿ ಮತ್ತ ಕಟ್ಟಿದ್ವಿ. ಮುಂದಿನ ಮಳಿಗೆ ನೀರು ಬಾಯಿ ಮುಚ್ಚಿಕೊಂಡು ಮೋರಿ ಕೆಳಗೇ ಹೋಯ್ತು. ಆರೂ ಮಂದಿ ಹಳ್ಳದ ದಂಡಿಗೆ ಕುಂತು ತೊಯ್ಸಿಕೊಳ್ತಾ ನೋಡಿದ್ವಿ. ನಮ್ಮ ಮಟ್ಟಿಗೆ ಪರೀಕ್ಷಾ ಅವತ್ತೇ ಮುಗಿದಿತ್ತು.

ಸರ್ಕಾರದ ಮಟ್ಟಿಗೆ ಮುಗಿದಿದ್ದಿಲ್ಲ. ಹೈದರಾಬಾದಿನಿಂದ ಪರೀಕ್ಷಾ ಸಾಹೇಬ್ರು ಬಂದ್ರು. ಮೋರಿ ನೋಡಿ ಖುಷಿಪಟ್ರು, ಕಲಬುರಗಿ ಸಾಲಿಗೆ ಬಂದು ಕುಂತು ಪುಸ್ತಕ ನೋಡಿ ಹುಬ್ಬು ಗಂಟು ಹಾಕಿದ್ರು. ಗೆರಿ ಎಳೆದು ಬರೆದ ಮಾತು ಕಣ್ಣಿಗೆ ಬಿತ್ತಲ್ಲ. ಕೇರಿಯ ಹುಡುಗನ್ನ ಬಾವಿಕಟ್ಟಿ ಏರಿಸಿದ್ರು ಅಂತ ಊರ ಮಂದಿ ಕೊಟ್ಟ ಒಂದು ಅರ್ಜಿನೂ ಅವರ ಕೈಯಾಗ ಇತ್ತು. ತಪ್ಪು ಯಾರದು ಅಂತ ಕೇಳಿದ್ರು. ಟೋಳಿದು, ಇಡೀ ಗುಂಪಿಂದು ಅಂದ್ರು ಉಸ್ತಾದ್ರು. ಟೋಳಿಗೆ ತಲಿ ಎಷ್ಟು ಅಂತ ಕೇಳಿದ್ರು. ಆರು ಅಂದ್ರು ಉಸ್ತಾದ್ರು. ನಾ ಎದ್ದು, ಕೆಳಗ ಹಿಡಿ ಅಂದವ ನಾನ್ರೀ ಅಂತ ಹೇಳಿದೆ. ಸಾಹೇಬ್ರು ನನ್ನ ಬೆನ್ನು ಚಪ್ಪರಿಸಿದ್ರು! ಶಹಬ್ಬಾಸ್, ದೊಡ್ಡ ಮನಿ ಹುಡುಗ, ಖರೇ ಮಾತು ಹೇಳ್ದ ಅಂತ. ಆದ್ರ ಕೋಲು ಗುರುತಿನ ಮ್ಯಾಲ ಹಿಡಿಯೋದು ಕೋಲು ಹಿಡಿದವನ ಜವಾಬ್ದಾರಿ, ಕಾಯ್ದೆ ಹಂಗ ಹೇಳ್ತದ ಅಂದ್ರು. ಐದು ಮಂದಿಗೆ ಐದು ಹಾಳಿ ಕೊಟ್ರು. ಕೋಲು ಹಿಡಿದವನಿಂದ ತಪ್ಪಾಯ್ತು ಅಂತ ಬರೆದು ರುಜು ಹಾಕ್ರಿ, ಸನದು ಇವತ್ತೇ ಕೊಡ್ತೀನಿ ಅಂದ್ರು.

ಆ ಹೊತ್ತಿಗೆ ನಮ್ಮಪ್ಪನೂ ಬಂದಿದ್ದ. ಟಾಂಗಾ ಇಳಿದವನೇ ಉಸ್ತಾದ್ರ ಮ್ಯಾಲ ಹರಿಹಾಯ್ದ, ನಿಮ್ಮ ಹಟಕ್ಕ ನನ್ನ ಮಗನ್ನ ಬಲಿ ಕೊಡ್ತೀರೇನು ಅಂತ. ಉಸ್ತಾದ್ರು ಶಾಂತ ಇದ್ರು. "ಸಾಹುಕಾರ್ರೇ, ಕಾಗದ ಅಲ್ಲೇ ಅದ, ಶಾಯಿನೂ ಅದ. ನಿಮ್ಮ ಮಗನ ಕೈ ನಾ ಹಿಡಕೊಂಡಿಲ್ಲ" ಅಂದ್ರು.

ಖರೇನೇ. ಅವರು ನಮ್ಮ ಕಡೆ ನೋಡಲೂ ಇಲ್ಲ. ಹೊರಗ ಹೋಗಿ ಅಂಗಳದಾಗ ಫರಸಿ ಗೆರಿ ಹತ್ರ ಕುಂತ್ರು. ಮರೆಪ್ಪ ಒಳಗೇ ಗ್ವಾಡಿಗೆ ನಿಂತಿದ್ದ. ಬರೀರಿ, ನನಗ ಸಂಕಳಿ ಎಳೆಯೋ ಕೂಲಿ ಇದ್ದೇ ಅದ ಅಂದ ಅವ. ಆ ಮಾತು ಕೇಳಿ ನಾ ಶಾಯಿಗೆ ಅದ್ದಿದ ಲೆಕ್ಕಣಕಿ ಕೆಳಗಿಟ್ಟೆ.

ಮೊದಲು ಎದ್ದವ ಯಾರು ಅಂತೀರಿ? ದೇಶಮುಖರ ಹುಡುಗ. ಹಾಳಿ ಖಾಲಿನೇ ಸಾಹೇಬ್ರ ಮುಂದ ಇಟ್ಟು, ಇವನ ಕೈಯಾಗಿನ ರೊಟ್ಟಿ ತಿಂದೀನಿ ಸಾಹೇಬ್ರೇ, ಸುಳ್ಳು ಬರಿಯಾಕ ಬರಂಗಿಲ್ಲ ಅಂದ. ಅವನ ಹಿಂದ ಅಣ್ಣತಮ್ಮರು, ಅವರ ಹಿಂದ ನೇಕಾರರವ. ನಾ ಕಡೇದವ. ನಮ್ಮಪ್ಪ ಬಾಗಿಲದಾಗ ನಿಂತು ಕಣ್ಣಲೇ ಸುಡಾಕತ್ತಿದ್ದ. ನಾನೂ ಖಾಲಿ ಹಾಳಿ ಇಟ್ಟೆ. ಸಾಹೇಬ್ರು ಮರೆಪ್ಪನ ಹೆಸರು ಬಿಟ್ಟು ಐದು ಹೆಸರಿನ ಪಟ್ಟಿ ಮಾಡಿ, ಅಂಗಳಕ್ಕ ಬಂದು, ಇದೇ ಕಡೀ ಸಲ, ನೀವು ರುಜು ಹಾಕಿದ್ರೂ ಸಾಕು ಅಂತ ಉಸ್ತಾದ್ರ ಮುಂದ ಹಿಡಿದ್ರು.

"ಆರು. ಇಲ್ಲಾಂದ್ರ ಒಂದೂ ಬ್ಯಾಡ" ಅಂದ್ರು ಉಸ್ತಾದ್ರು. ರುಜು ಹಾಕಲಿಲ್ಲ.

ಇದೇ ಆ ಹಟ. ಮುಂದಿನ ತಿಂಗಳು ಉಸ್ತಾದ್ರಿಗೆ ದೂರದ ಒಂದು ತಾಲೂಕಿಗೆ ವರ್ಗ ಆಯ್ತು, ಕಲಿಸೋ ಕೆಲಸ ತಪ್ಪಿಸಿ ಹಳೇ ಕಾಗದ ಕಾಯೋ ಕೆಲಸ ಕೊಟ್ರು. ನೌಕರಿ ಮುಗಿದ ಮ್ಯಾಲೇ ಕಲಬುರಗಿಗೆ ತಿರುಗಿ ಬಂದದ್ದು. ನಾ ಒಂದು ಸಲ ಧೈರ್ಯ ಮಾಡಿ, ನಿಮಗ ಯಾವಾಗಾರ ಪಶ್ಚಾತ್ತಾಪ ಆಗ್ಯಾದೇನ್ರಿ ಅಂತ ಕೇಳಿದೆ. ಆಗ್ಯಾದ ಅಂದ್ರು. ಗೂಟ ಹೊಡೆಯೋ ದಿನ ನಾ ಸುಣ್ಣಕ್ಕ ಹೋಗಬಾರದಿತ್ತು, ಆ ಮುದುಕಿ ಜೋಳ ಉಳೀತಿತ್ತು ಅಂದ್ರು. ಸನದಿನ ಮಾತು ಎತ್ತಲೇ ಇಲ್ಲ.

ಬಾಳು ಹಾಳಾಯ್ತಂತ! ದೇಶಮುಖರ ಹುಡುಗ ತನ್ನ ಊರಾಗ ಸಾಲಿ ಕಟ್ಟಿಸಿದ. ಅಣ್ಣತಮ್ಮರು ಗುತ್ತೇದಾರಿಕಿ ಮಾಡಿದ್ರು, ಈಗ ಇಬ್ಬರೂ ಇಲ್ಲ. ನೇಕಾರರವ ಸೊಲ್ಲಾಪುರಕ್ಕ ಹೋದ. ನಾ ಮತ್ತು ಮರೆಪ್ಪ ಕೂಡಿ ಕಟ್ಟಡದ ಕೆಲಸ ಹಿಡಿದ್ವಿ, ಇವತ್ತಿಗೂ ಕೂಡೇ ಮಾಡ್ತೀವಿ. ನಮ್ಮಪ್ಪ ಎರಡು ವರ್ಷ ನನ್ನ ಜೋಡಿ ಮಾತು ಬಿಟ್ಟಿದ್ದ. ಮೂರನೇ ವರ್ಷ ಗಂಜಿನಾಗ ಗೋದಾಮು ಕಟ್ಟೋದು ಬಂತು. ತಾನಾಗೇ ಬಂದು, ನಿನ್ನ ಮರೆಪ್ಪನ್ನೂ ಕರಕೊಂಡು ಬಾ ಅಂದ.

ಈಗ ಸಭಾದ ಮಾತು. ದೊಡ್ಡ ಸಾಹೇಬ್ರು ಬಾಳು ಹಾಳು ಅಂದಾಗ ನಾ ಮುಂದಿನ ಸಾಲಿನಾಗ ಕುಂತಿದ್ದೆ. ಮರೆಪ್ಪ ಕೆಲಸದ ಜಾಗದಿಂದ ನೆಟ್ಟಗ ಬಂದಿದ್ದ, ಕಡೀಗೆ ಚಪ್ಪಲಿ ಬಿಡೋ ಕಡೆ ಕುಂತಿದ್ದ. ಕುಂಡ್ರಿಸಿದ್ರೋ ತಾನೇ ಕುಂತನೋ ನಾ ಕೇಳಿಲ್ಲ. ಕೇಳಿದ್ರ ತಾನೇ ಕುಂತೆ ಅಂತಿದ್ದ. ನಾ ಎದ್ದೆ. ಆ ಆರರಾಗ ನಾ ಒಬ್ಬ, ಇನ್ನೊಬ್ಬ ಅಲ್ಲಿ ಚಪ್ಪಲಿ ಹತ್ರ ಕುಂತಾನ, ಹಾಳಾದದ್ದು ಏನು ಅಂತ ಅವನನ್ನೇ ಕೇಳ್ರಿ ಅಂದೆ. ಮರೆಪ್ಪ, ಬಾ ಮುಂದಕ್ಕ ಅಂತ ಕರೆದೆ.

ಮಂದಿ ನಡುವ ದಾರಿ ಬಿಟ್ರು. ಅವ ಬಂದ. ಮುಂದ ಒಂದು ಕಟ್ಟಿ, ಅದರ ಮ್ಯಾಲ ಬೆಳ್ಳನ ಹಾಸು, ಹಾಸಿನ ಮ್ಯಾಲ ದೊಡ್ಡವರು. ಕಟ್ಟಿ ಹತ್ರ ಬಂದು ನಿಂತವನೇ ಮರೆಪ್ಪ ಬಗ್ಗಿ ಧೋತರದ ಚುಂಗು ಹಿಡಿದ.

"ಯಾಕ ಒರಸ್ತಿ?" ಅಂದೆ.

ನನ್ನ ಕಡೆ ತಿರುಗಿ ನೋಡಿದ. ಚುಂಗು ಬಿಟ್ಟ, ಏರಿದ. ಅವ ಮಾತಾಡಿದ್ದು ಸ್ವಲ್ಪೇ. ಕಮಲಾಪುರದ ಬಾವಿಕಟ್ಟಿ ಗುರುತಿನಿಂದ ಮೋರಿಯ ತಳ ಎಷ್ಟು ಕೆಳಗ ಅದ ಅಂತ ನನಗ ಇವತ್ತಿಗೂ ಬಾಯಾಗ ಅದ, ಯಾಕಂದ್ರ ಆ ಗುರುತಿನ ಮ್ಯಾಲ ನಾ ನಿಂತಿದ್ದೆ, ಉಸ್ತಾದ್ರು ನಿಲ್ಲಿಸಿದ್ರು ಅಂದ. ಅಂಕಿ ಹೇಳಿದ. ಇಳಿದು ಬಂದು ನನ್ನ ಬಾಜೂಕ ಮುಂದಿನ ಸಾಲಿನಾಗ ಕುಂತ.

ಬೆಳ್ಳನ ಹಾಸಿನ ಮ್ಯಾಲ ಅವನ ಕೆಂಪು ಧೂಳಿನ ಹೆಜ್ಜಿ ಸಾಲಾಗಿ ಮೂಡಿದ್ವು. ಸಭಾ ನಡೆಸೋರಾಗ ಒಬ್ಬ ಬಟ್ಟಿ ಹಿಡಕೊಂಡು ಅವಸರದಿಂದ ಬಂದ. ಇರ್ಲಿ, ಒರಸಬ್ಯಾಡ ಅಂದೆ. ಸಭಾ ಮುಗಿಯೋತನಾ ಅವು ಹಂಗೇ ಇದ್ವು.